ತೀರ್ಮಾನ ಮೊದಲು, ಸಭೆ ಆಮೇಲೆ

2027ರ ಮೊದಲ ಆರು ತಿಂಗಳೊಳಗೆ ಜಗತ್ತಿನ ಕಥೋಲಿಕ ಧರ್ಮಪ್ರಾಂತ್ಯಗಳೆಲ್ಲ ಸಭೆ ಸೇರಿ ಒಂದು ಪ್ರಶ್ನೆಗೆ ಉತ್ತರ ಹೇಳಬೇಕಿದೆ: ಜನರ ಜೊತೆ ಕೂತು, ಅವರ ಮಾತು ಕೇಳಿ, ತೀರ್ಮಾನ ತೆಗೆದುಕೊಳ್ಳುವುದನ್ನು ನೀವು ಕಲಿತಿರಾ? 2021ರಲ್ಲಿ ಶುರುವಾದ, ಧರ್ಮಸಭೆಯ ಜಾಗತಿಕ ಸಮಾಲೋಚನೆಯಾದ ಸಿನೋಡ್ 2024ರ ಅಕ್ಟೋಬರ್ 26ರಂದು ಅಂತಿಮ ದಾಖಲೆಯನ್ನು ಒಪ್ಪಿದಾಗ ಕೆಲಸ ಮುಗಿಯಿತೆಂದು ಬಹಳ ಜನ ಅಂದುಕೊಂಡರು. ಮುಗಿದದ್ದು ರೋಮಿನ ಕೆಲಸ ಮಾತ್ರ. 2025ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಆಸ್ಪತ್ರೆಯಲ್ಲಿದ್ದುಕೊಂಡೇ ಮುಂದಿನ ಮೂರು ವರ್ಷಗಳ ವೇಳಾಪಟ್ಟಿಗೆ ಒಪ್ಪಿಗೆ ಕೊಟ್ಟರು. ಅವರ ನಂತರ ಬಂದ ಪೋಪ್ ಲಿಯೋ ಅದನ್ನೇ ಮುಂದುವರಿಸಿದ್ದಾರೆ. 2026ರ ಕೊನೆಯವರೆಗೆ ಊರೂರಲ್ಲಿ ಜಾರಿ, 2027ರಲ್ಲಿ ಮೊದಲು ಧರ್ಮಪ್ರಾಂತ್ಯಗಳ, ಆಮೇಲೆ ದೇಶ ಮಟ್ಟದ ಪರಾಮರ್ಶೆ, 2028ರ ಆರಂಭದಲ್ಲಿ ಖಂಡಗಳ ಮಟ್ಟದ ಸಭೆಗಳು, ಆ ವರ್ಷದ ಅಕ್ಟೋಬರ್‌ನಲ್ಲಿ ವ್ಯಾಟಿಕನ್‌ನಲ್ಲಿ ಮಹಾಸಭೆ.

ಕರ್ನಾಟಕದ ನಮ್ಮ ಧರ್ಮಪ್ರಾಂತ್ಯಗಳು ಆ ಸಭೆಗಳಿಗೆ ಒಂದು ಅಚ್ಚುಕಟ್ಟಾದ ವರದಿಯನ್ನಷ್ಟೇ ಒಯ್ಯುವ ಅಪಾಯವಿದೆ. ವರದಿಯಲ್ಲಿ ಶಿಬಿರಗಳ ಪಟ್ಟಿ ಇರುತ್ತದೆ, ಫೋಟೊಗಳಿರುತ್ತವೆ, ಭಾಗವಹಿಸಿದವರ ಸಂಖ್ಯೆ ಇರುತ್ತದೆ. ಧರ್ಮಕೇಂದ್ರದಲ್ಲಿ ತೀರ್ಮಾನವಾಗುವ ರೀತಿ ಮಾತ್ರ ಹಿಂದಿನದೇ ಆಗಿರುತ್ತದೆ. ಅದು ಹಾಗೆಯೇ ಉಳಿದರೆ ನಮ್ಮ ಪರವಾಗಿ ಬೇರೆ ಯಾರೋ ತೀರ್ಮಾನ ಮಾಡುವ ದಿನ ದೂರವಿಲ್ಲ. ಕೆಲವು ಕಡೆ ಅದನ್ನು ನ್ಯಾಯಾಲಯ ಮಾಡುತ್ತದೆ. ಉಳಿದ ಕಡೆ ಜನ ಸದ್ದಿಲ್ಲದೆ ಬರುವುದನ್ನು ಬಿಟ್ಟುಬಿಡುತ್ತಾರೆ, ಅದೇ ತೀರ್ಮಾನವಾಗುತ್ತದೆ. ಇದನ್ನು ಈಗಲೇ ಹೇಳುವುದಕ್ಕೆ ಕಾರಣವಿದೆ: ತಿದ್ದಿಕೊಳ್ಳಲು ಇನ್ನೂ ಹೊತ್ತಿದೆ.

ಲಕ್ಷಣಗಳು ಕಣ್ಣೆದುರೇ ಇವೆ. ಭಾನುವಾರದ ಎರಡನೆಯ ಬಲಿಪೂಜೆ ಮುಗಿದ ಮೇಲೆ ಚರ್ಚ್ ಪಕ್ಕದ ಹಾಲ್‌ನಲ್ಲಿ ಪಾಲನಾ ಪರಿಷತ್ತಿನ ಸಭೆ. ಪ್ಲಾಸ್ಟಿಕ್ ಕುರ್ಚಿಗಳು, ಚಹಾ, ಬಿಸ್ಕತ್ತು. ಕಾರ್ಯದರ್ಶಿ ಹಿಂದಿನ ಸಭೆಯ ನಡಾವಳಿ ಓದುತ್ತಾರೆ. ನಾಲ್ಕನೆಯ ವಿಷಯ, ಹೊಸ ಸಭಾಭವನ. ಎಂಜಿನಿಯರ್ ಮಾಡಿಕೊಟ್ಟ ನಕ್ಷೆ ಆಗಲೇ ಮೇಜಿನ ಮೇಲಿದೆ. ಮನೆಗೆ ಎಷ್ಟೆಷ್ಟು ದೇಣಿಗೆ ಎಂಬುದು ಗೊತ್ತಾಗಿದೆ. ಶಂಕುಸ್ಥಾಪನೆಗೆ ಬಿಷಪರ ದಿನಾಂಕವನ್ನೂ ಕೇಳಿಯಾಗಿದೆ. "ಯಾರಿಗಾದರೂ ಏನಾದರೂ ಹೇಳಲಿಕ್ಕಿದೆಯಾ?" ಎಂದು ಗುರುಗಳು ಕೇಳುತ್ತಾರೆ. ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. "ಫಾದರ್ ಹೇಳಿದ ಹಾಗೆ ಆಗಲಿ" ಎಂದು ಹಿರಿಯರೊಬ್ಬರು ಅನ್ನುತ್ತಾರೆ. ನಿರ್ಣಯ ಪುಸ್ತಕದಲ್ಲಿ "ಸರ್ವಾನುಮತದಿಂದ" ಎಂದು ಬರೆಯಲಾಗುತ್ತದೆ. ಹತ್ತು ನಿಮಿಷದ ನಂತರ ಅದೇ ಪರಿಷತ್ತಿನ ಮೂವರು ಸ್ಕೂಟರ್ ನಿಲ್ಲಿಸಿದ ಕಡೆ ನಿಂತಿರುತ್ತಾರೆ. "ಶಾಲೆಯ ಮಾಡು ಸೋರುತ್ತಿದೆ, ಈಗ ಹಾಲ್ ಯಾಕೆ?" ಎಂಬ ಮಾತು ಅಲ್ಲಿ ಹೊರಬರುತ್ತದೆ. ರಾತ್ರಿ ಅದು ವಾಟ್ಸ್ಆ್ಯಪ್‌ಗೆ ಹೋಗುತ್ತದೆ, ಮರುದಿನಕ್ಕೆ ಎರಡು ಗುಂಪಾಗಿರುತ್ತದೆ.

ಇದು ಯಾವುದೋ ಒಂದು ಊರಿನ ಕಥೆಯಲ್ಲ. ಪರಿಷತ್ತಿನ ಪಟ್ಟಿಯಲ್ಲಿ ವರ್ಷ ಕಳೆದರೂ ಅದೇ ಹೆಸರುಗಳು. ಬೆಂಚು ತುಂಬುವವರು, ಗಾನವೃಂದ ನಡೆಸುವವರು, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವರು ಹೆಚ್ಚಾಗಿ ಹೆಂಗಸರು. ಹಣದ ಮಾತು ಬಂದಾಗ ಮೇಜಿನ ಸುತ್ತ ಅವರು ಕಾಣುವುದಿಲ್ಲ. ಮನೆಮನೆಯ ಕಷ್ಟ ಬಲ್ಲ ಸಿಸ್ಟರ್‌ಗಳನ್ನು ಹಬ್ಬದ ಅಲಂಕಾರಕ್ಕೆ ಕರೆಯುತ್ತೇವೆ, ಬಜೆಟ್ಟಿಗೆ ಕರೆಯುವುದಿಲ್ಲ. ಬೆಂಗಳೂರಿನಿಂದ, ಕೊಲ್ಲಿಯಿಂದ ಕ್ರಿಸ್ಮಸ್ಸಿಗೆ ಬರುವ ಮಕ್ಕಳ ಹತ್ತಿರ ದೇಣಿಗೆ ಕೇಳುತ್ತೇವೆ, ಅಭಿಪ್ರಾಯ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಒಂದೇ ಚರ್ಚಿನ ಸೂರಿನಡಿ ಕನ್ನಡ, ತಮಿಳು, ಇಂಗ್ಲಿಷ್ ಬಲಿಪೂಜೆಗಳು ಒಂದಾದ ಮೇಲೊಂದು ನಡೆಯುತ್ತವೆ. ಆ ಜನ ಒಂದೇ ಮೇಜಿನ ಸುತ್ತ ಕೂತು ಮಾತಾಡುವ ಪ್ರಸಂಗ ಅಪರೂಪ. ಇವನ್ನು ಬಿಡಿಬಿಡಿಯಾಗಿ ನೋಡಿದರೆ ಸಣ್ಣ ಸಂಗತಿಗಳು. ಒಟ್ಟಿಗೆ ನೋಡಿದರೆ, ಸಭೆಯೊಳಗೆ ಮಾತು ನಿಂತಿದೆ, ಸಭೆಯ ಹೊರಗೆ ಮಾತು ಬೆಳೆದಿದೆ.

ಈ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ನೆರೆಯ ಕೇರಳವನ್ನು ನೋಡಬೇಕು. ಬಲಿಪೂಜೆಯ ಯಾವ ಭಾಗದಲ್ಲಿ ಗುರು ಜನರ ಕಡೆ, ಯಾವ ಭಾಗದಲ್ಲಿ ಬಲಿಪೀಠದ ಕಡೆ ಮುಖ ಮಾಡಬೇಕು ಎಂಬ ಬಗ್ಗೆ ಅಲ್ಲಿನ ಸಿರೋ-ಮಲಬಾರ್ ಕಥೋಲಿಕ ಸಭೆಯ ಬಿಷಪರ ಸಿನೋಡ್ 1999ರಲ್ಲೇ ಏಕರೂಪದ ನಿರ್ಣಯ ಮಾಡಿತ್ತು. ದಶಕಗಳಿಂದ ಪೂರ್ತಿ ಜನಾಭಿಮುಖವಾಗಿ ಪೂಜೆ ನಡೆಸಿಕೊಂಡು ಬಂದಿದ್ದ ಎರ್ನಾಕುಲಂ-ಅಂಗಮಾಲಿ ಮಹಾಧರ್ಮಪ್ರಾಂತ್ಯ ಅದನ್ನು ಒಪ್ಪಲಿಲ್ಲ. ಮನಸ್ಸುಗಳು ಸೇರಿಲ್ಲ ಎಂಬುದು ಅಂದೇ ಎಲ್ಲರಿಗೂ ಗೊತ್ತಿತ್ತು. ನಡುವೆ ಇಪ್ಪತ್ತೆರಡು ವರ್ಷ ಸಿಕ್ಕಿತ್ತು. 2021ರ ಆಗಸ್ಟ್‌ನಲ್ಲಿ ಆ ಬಿಷಪರ ಸಿನೋಡ್ ಜಾರಿಯ ದಿನಾಂಕ ಗೊತ್ತುಮಾಡಿದಾಗ ಬೆಂಕಿ ಹೊತ್ತಿತು. ತಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ಅಲ್ಲಿನ ಗುರುಗಳ, ವಿಶ್ವಾಸಿಗಳ ದೂರು. ಕಾನೂನುಬದ್ಧ ನಿರ್ಣಯಕ್ಕೆ ವಿಧೇಯತೆ ಇಲ್ಲ ಎಂಬುದು ಸಿನೋಡ್‌ನ ದೂರು. 2022ರ ಕ್ರಿಸ್ಮಸ್ ಹೊತ್ತಿಗೆ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಬಲಿಪೀಠದ ಬಳಿಯೇ ನೂಕಾಟ ನಡೆಯಿತು, ಬೆಸಿಲಿಕಾದ ಬಾಗಿಲು ಮುಚ್ಚಿತು. 2023ರ ಡಿಸೆಂಬರ್‌ನಲ್ಲಿ ಪೋಪರೇ ವಿಡಿಯೊ ಸಂದೇಶ ಕಳಿಸಿ ಬೇಡಿಕೊಳ್ಳಬೇಕಾಯಿತು. ಕೊನೆಗೆ 2025ರ ಜುಲೈ 3ರಿಂದ, ಭಾನುವಾರ ಕನಿಷ್ಠ ಒಂದು ಪೂಜೆ ಏಕರೂಪದಲ್ಲಿರಲಿ ಎಂಬ ಹೊಂದಾಣಿಕೆಗೆ ಬಂದರು. ಇಂಥ ಹೊಂದಾಣಿಕೆಯನ್ನು ತಾಳ್ಮೆಯಿಂದ ಕೂತು ಮಾತಾಡಿದ್ದರೆ ಬಹಳ ಮೊದಲೇ ಮಾಡಿಕೊಳ್ಳಬಹುದಿತ್ತು. ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಸಿರೋ-ಮಲಬಾರ್ ಧರ್ಮಪ್ರಾಂತ್ಯಗಳಿರುವ ನಮಗೆ ಇದು ಹೊರಗಿನವರ ಜಗಳವಲ್ಲ.

ಇನ್ನೊಂದು ಉದಾಹರಣೆ ನಮ್ಮ ಪ್ರೊಟೆಸ್ಟೆಂಟ್ ಸೋದರರದು. 1919ರಲ್ಲಿ ತರಂಗಂಬಾಡಿಯಲ್ಲಿ ಕೆಲವು ಭಾರತೀಯ ಸಭಾನಾಯಕರು ಸೇರಿ, ನಾವು ಒಂದಾಗಬಾರದೇಕೆ ಎಂದು ಕೇಳಿದರು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಬಿಷಪ್ ಹುದ್ದೆಯಿಂದ ಹಿಡಿದು ಪ್ರಭುಭೋಜನದವರೆಗೆ ಒಂದೊಂದನ್ನೂ ಚರ್ಚಿಸಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆದವು. ಇಪ್ಪತ್ತೆಂಟು ವರ್ಷ ಹಿಡಿಯಿತು, ಆದರೆ ಐಕ್ಯ ನಿಂತಿತು. ಅದೇ ಸಿಎಸ್‌ಐ ಸಿನೋಡ್‌ನ ಚುನಾವಣೆಯ ಜಗಳ ಕೋರ್ಟು ಮೆಟ್ಟಿಲೇರಿ, 2024ರಲ್ಲಿ ಆಡಳಿತ ನೋಡಿಕೊಳ್ಳಲು ಮದ್ರಾಸ್ ಹೈಕೋರ್ಟ್ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಿತು. ಕರ್ನಾಟಕದ ಮೂರು ಡಯಾಸಿಸ್‌ಗಳೂ ಆ ಸಭೆಯ ಅಂಗಗಳೇ. ಮತ ಎಣಿಸುವ ವ್ಯವಸ್ಥೆ ಅವರಲ್ಲಿ ನಮಗಿಂತ ಬಲವಾಗಿದೆ. ಮತ ಎಣಿಸುವುದರಿಂದ ಮಾತ್ರ ಸಮುದಾಯ ಉಳಿಯುವುದಿಲ್ಲ ಎಂಬುದನ್ನು ಅವರ ಅನುಭವ ಹೇಳುತ್ತದೆ. ಒಬ್ಬರ ಇಚ್ಛೆಯೇ ಆಜ್ಞೆಯಾಗುವುದರಿಂದಲೂ ಉಳಿಯುವುದಿಲ್ಲ ಎಂಬುದನ್ನು ನಮ್ಮ ಅನುಭವ ಹೇಳುತ್ತದೆ.

ಹಾಗಾದರೆ ಮೂರನೆಯ ದಾರಿ ಯಾವುದು? ಅದು ಹಳೆಯದೇ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ಜೆರುಸಲೇಮಿನ ಸಮುದಾಯದೊಳಗೆ ಮೊದಲ ಗೊಣಗಾಟ ಎದ್ದದ್ದು ಅನ್ನದ ಬಗ್ಗೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿರಲಿಲ್ಲ. ಪ್ರೇಷಿತರು ದೂರು ಕೊಟ್ಟವರನ್ನು ಗದರಲಿಲ್ಲ. ಎಲ್ಲರನ್ನೂ ಕರೆದು, ನೀವೇ ಏಳು ಮಂದಿಯನ್ನು ಆರಿಸಿ ಎಂದರು. ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರು ಯಾರದ್ದೋ ಅವರ ಕೈಗೇ ಸಟ್ಟುಗ ಬಂತು. ಭಾಷೆಯ ಜಗಳದಲ್ಲಿ ದಣಿದಿರುವ ನಮ್ಮ ನಗರದ ಧರ್ಮಕೇಂದ್ರಗಳಿಗೆ ಇದಕ್ಕಿಂತ ನೇರವಾದ ಪಾಠ ಬೇರೆ ಬೇಕಿಲ್ಲ. ಆರನೆಯ ಶತಮಾನದ ಸಂತ ಬೆನೆಡಿಕ್ಟರ ಮಠನಿಯಮವೂ ಹೀಗೆಯೇ: ದೊಡ್ಡ ವಿಷಯ ಬಂದಾಗ ಮಠಾಧಿಪತಿ ಇಡೀ ಮಠವನ್ನು ಕರೆಯಬೇಕು, ಕಿರಿಯರ ಮಾತನ್ನೂ ಕೇಳಬೇಕು, ಆಮೇಲೆ ತಾನು ನಿರ್ಧರಿಸಬೇಕು. ಅಧಿಕಾರ ಮಠಾಧಿಪತಿಯದೇ, ಆದರೆ ಕೇಳಿಸಿಕೊಂಡ ನಂತರದ ಅಧಿಕಾರ.

1539ರ ರೋಮಿನಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಲೊಯೋಲದ ಇಗ್ನೇಷಿಯಸ್ ಮತ್ತು ಅವರ ಸಂಗಡಿಗರನ್ನು ಪೋಪರು ಬೇರೆಬೇರೆ ಕಡೆಗೆ ಕಳಿಸುವುದರಲ್ಲಿದ್ದರು. ಚದುರಿಹೋದ ಮೇಲೂ ಒಂದೇ ಬಳಗವಾಗಿ ಇರಬೇಕೇ ಎಂಬ ಪ್ರಶ್ನೆಗೆ ಬೇಗ ಉತ್ತರ ಸಿಕ್ಕಿತು. ತಮ್ಮಲ್ಲೇ ಒಬ್ಬನಿಗೆ ವಿಧೇಯತೆಯ ವ್ರತ ತೊಡಬೇಕೇ ಎಂಬುದರಲ್ಲಿ ಸಿಕ್ಕಿಬಿದ್ದರು. ಎಲ್ಲ ಬಿಟ್ಟು ಏಕಾಂತಕ್ಕೆ ಹೋಗೋಣವೇ ಎಂಬ ಸಲಹೆ ಬಂತು. ಜನರ ಸೇವೆ ನಿಲ್ಲಬಾರದೆಂದು ಅದನ್ನು ಕೈಬಿಟ್ಟರು. ಹಗಲೆಲ್ಲ ಬೋಧನೆ, ಪಾಪನಿವೇದನೆ ಕೇಳುವುದು, ರಾತ್ರಿ ಸೇರಿ ವಿವೇಚನೆ. ತಮಗೆ ತಾವೇ ನಿಯಮ ಹಾಕಿಕೊಂಡರು. ಪ್ರತಿಯೊಬ್ಬನೂ ಮೊದಲು ಪ್ರಾರ್ಥಿಸಬೇಕು, ಇನ್ನೊಬ್ಬನ ಮನಸ್ಸನ್ನು ತನ್ನ ಕಡೆ ತಿರುಗಿಸಲು ಹೋಗಬಾರದು, ತಾನು ಬಳಗಕ್ಕೆ ಸೇರಿದವನೇ ಅಲ್ಲ ಎಂಬಂತೆ ವಿಷಯವನ್ನು ನೋಡಬೇಕು. ಒಂದು ದಿನ ಎಲ್ಲರೂ ವ್ರತ ಬೇಡ ಎಂಬುದಕ್ಕೆ ಕಾರಣ ಹೇಳಬೇಕು, ಮರುದಿನ ಎಲ್ಲರೂ ಬೇಕು ಎಂಬುದಕ್ಕೆ. ತಪಸ್ಸುಕಾಲದಲ್ಲಿ ಶುರುವಾದದ್ದು ಜೂನ್ 24ರ ಸ್ನಾನಿಕ ಯೊವಾನ್ನರ ಹಬ್ಬದ ಹೊತ್ತಿಗೆ ಒಮ್ಮತದಲ್ಲಿ ಮುಗಿಯಿತು. ಯೇಸುಸಭೆ ಹುಟ್ಟಿದ್ದು ಹೀಗೆ. ಇಲ್ಲಿ ಗಮನಿಸಬೇಕಾದದ್ದು, ಬೇಡ ಅನ್ನುವವನು ಬೇಕು ಅನ್ನುವುದಕ್ಕೂ ಕಾರಣ ಹುಡುಕಬೇಕಾಯಿತು, ಬೇಕು ಅನ್ನುವವನು ಬೇಡ ಅನ್ನುವುದಕ್ಕೂ. ಎರಡು ಗುಂಪಾಗುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಈ ಕ್ರಮವನ್ನು ನಮ್ಮ ಕರಾವಳಿ, ಮಲೆನಾಡುಗಳ ಒಂದು ಪ್ರಶ್ನೆಗೆ ಹಚ್ಚಿ ನೋಡೋಣ. ಚರ್ಚಿನ ಹಳೆಯ ಕನ್ನಡ ಮಾಧ್ಯಮ ಶಾಲೆ. ಮಕ್ಕಳ ಸಂಖ್ಯೆ ವರ್ಷವರ್ಷವೂ ಇಳಿಯುತ್ತಿದೆ. ಮುಚ್ಚಬೇಕೇ, ಇಂಗ್ಲಿಷ್ ಮಾಧ್ಯಮ ಮಾಡಬೇಕೇ, ನಷ್ಟ ಹೊತ್ತು ನಡೆಸಬೇಕೇ? ಸಾಮಾನ್ಯವಾಗಿ ಇದು ಆಡಳಿತ ಮಂಡಳಿಯ ಕೋಣೆಯಲ್ಲಿ ತೀರ್ಮಾನವಾಗಿ ಭಾನುವಾರದ ಪ್ರಕಟಣೆಯಲ್ಲಿ ಜನರಿಗೆ ತಿಳಿಯುತ್ತದೆ. ಅದರ ಬದಲು ಗುರುಗಳು ಎರಡು ಸಂಜೆ ಕರೆಯಲಿ. ಮೊದಲ ಸಂಜೆ ಎಲ್ಲರೂ ಮುಚ್ಚಬಾರದು ಎಂಬುದಕ್ಕೆ ಕಾರಣ ಹೇಳಲಿ: ಅಲ್ಲಿ ಈಗ ಓದುತ್ತಿರುವವರು ಯಾರ ಮಕ್ಕಳು, ಕೂಲಿಗೆ ಹೋಗುವ ತಾಯಂದಿರು ಮಕ್ಕಳನ್ನು ಇನ್ನೆಲ್ಲಿಗೆ ಕಳಿಸಿಯಾರು, ಆ ಶಾಲೆಯಿಂದ ಊರಿನ ಹಿಂದೂ, ಮುಸ್ಲಿಂ ಮನೆಗಳೊಂದಿಗೆ ಬೆಳೆದ ನಂಟು ಏನಾದೀತು. ಎರಡನೆಯ ಸಂಜೆ ಎಲ್ಲರೂ ಮುಚ್ಚುವುದೇ ಸರಿ ಎಂಬುದಕ್ಕೆ ಕಾರಣ ಹೇಳಲಿ: ಶಿಕ್ಷಕರ ಸಂಬಳ ಎಲ್ಲಿಂದ, ನಮ್ಮ ಮಕ್ಕಳನ್ನೇ ನಾವು ಅಲ್ಲಿಗೆ ಕಳಿಸುತ್ತಿಲ್ಲವಲ್ಲ, ಅದೇ ಕಟ್ಟಡದಲ್ಲಿ ಬಡವರಿಗೆ ಹೆಚ್ಚು ಉಪಯೋಗದ ಕೆಲಸ ಆಗಬಹುದಲ್ಲ. ಶಾಲೆಯ ಶಿಕ್ಷಕಿಯರನ್ನೂ ಹೆತ್ತವರನ್ನೂ ಕರೆಯಲಿ, ಕ್ರೈಸ್ತರಲ್ಲದವರನ್ನೂ. ಲೆಕ್ಕದ ಹಾಳೆ ಎಲ್ಲರ ಕೈಯಲ್ಲಿರಲಿ. ಹೀಗೆ ಮಾಡಿದ ಮೇಲೆ ಮುಚ್ಚಿದರೂ ಅದು ಊರು ಕೂಡಿ ಹೊತ್ತ ನೋವಾಗುತ್ತದೆ. ಹಾಗೆ ಮಾಡದೆ ಉಳಿಸಿಕೊಂಡರೂ ಅದು ಯಾರದೋ ಹಟವಾಗಿ ಉಳಿಯುತ್ತದೆ.

ರೋಮಿನ ಸಿನೋಡ್‌ನಲ್ಲಿ ಬಳಸಿದ ಕ್ರಮವೂ ಇದರ ನೆಂಟನೇ. ಆರನೆಯ ಪೌಲರ ಹೆಸರಿನ ಸಭಾಂಗಣದಲ್ಲಿ ಕಾರ್ಡಿನಲ್‌ಗಳು, ಬಿಷಪರು, ಸಿಸ್ಟರ್‌ಗಳು, ಶ್ರೀಸಾಮಾನ್ಯರು ದುಂಡು ಮೇಜುಗಳ ಸುತ್ತ ಕೂತರು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಪ್ರಾರ್ಥಿಸಿ ತಂದ ಮಾತನ್ನು ಹೇಳುವುದು, ಉಳಿದವರು ಬರೀ ಕೇಳುವುದು. ನಂತರ ಮೌನ. ಎರಡನೆಯ ಸುತ್ತಿನಲ್ಲಿ ಬೇರೆಯವರ ಮಾತಿನಲ್ಲಿ ತನ್ನ ಮನಸ್ಸನ್ನು ತಟ್ಟಿದ್ದು ಯಾವುದೆಂದು ಹೇಳುವುದು. ಮತ್ತೆ ಮೌನ. ಮೂರನೆಯ ಸುತ್ತಿನಲ್ಲಿ, ಒಪ್ಪಿದ್ದು ಏನು, ಒಪ್ಪದೆ ಉಳಿದದ್ದು ಏನು ಎಂದು ಒಟ್ಟಾಗಿ ಬರೆಯುವುದು. 2023ರಲ್ಲಿ ಮೊದಲ ಬಾರಿಗೆ ಮಹಿಳೆಯರಿಗೂ ಮತದ ಹಕ್ಕು ಸಿಕ್ಕಿತು. 2024ರಲ್ಲಿ ಅಂತಿಮ ದಾಖಲೆಯ 155 ಪರಿಚ್ಛೇದಗಳೂ ಅಂಗೀಕಾರವಾದವು. ಮಹಿಳೆಯರ ಪಾತ್ರದ ಬಗೆಗಿನ 60ನೆಯ ಪರಿಚ್ಛೇದಕ್ಕೆ 258 ಪರ, 97 ವಿರೋಧ. ಆ 97ನ್ನು ಯಾರೂ ಬಚ್ಚಿಡಲಿಲ್ಲ, ಪ್ರತಿ ಪರಿಚ್ಛೇದದ ಪರ-ವಿರೋಧ ಸಂಖ್ಯೆಯನ್ನು ಪ್ರಕಟಿಸಿದರು. ನಮ್ಮ ನಿರ್ಣಯ ಪುಸ್ತಕಗಳಲ್ಲಿ ಭಿನ್ನಮತಕ್ಕೆ ಒಂದು ಸಾಲಾದರೂ ಇದೆಯೇ?

ಕೆಲವು ಆಕ್ಷೇಪಗಳು ಬರುತ್ತವೆ, ಅವುಗಳಲ್ಲಿ ಹುರುಳೂ ಇದೆ. ಧರ್ಮಸಭೆ ಪ್ರಜಾಪ್ರಭುತ್ವವಲ್ಲ ಎನ್ನುವವರಿದ್ದಾರೆ. ನಿಜ. ಧರ್ಮಸಭೆಯ ಕಾನೂನಿನ 536ನೆಯ ವಿಧಿಯ ಪ್ರಕಾರ ಪಾಲನಾ ಪರಿಷತ್ತಿಗಿರುವುದು ಸಲಹೆಯ ಮತ ಮಾತ್ರ. ಆದರೆ ಅದೇ 1983ರ ಕಾನೂನು ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಕಡ್ಡಾಯ ಎನ್ನುತ್ತದೆ. ವಿಶ್ವಾಸಿಗಳು ಕೊಟ್ಟ ಕಾಣಿಕೆಯ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕು ಎನ್ನುತ್ತದೆ. ಧರ್ಮಸಭೆಯ ಹಿತದ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸುವುದು ಜನರ ಹಕ್ಕು, ಕೆಲವೊಮ್ಮೆ ಕರ್ತವ್ಯ ಎನ್ನುತ್ತದೆ. 2024ರ ಅಂತಿಮ ದಾಖಲೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಇಂಥ ಪರಿಷತ್ತುಗಳು ಕಡ್ಡಾಯವಾಗಬೇಕು, ಬರೀ ಸಲಹೆ ಎಂಬ ಮಾತನ್ನೇ ಮರುಪರಿಶೀಲಿಸಬೇಕು ಎಂದಿದೆ. ಕೇಳಿದ ಸಲಹೆಯನ್ನು ಬಿಡುವ ಅಧಿಕಾರ ಗುರುವಿಗಿದೆ. ಏಕೆ ಬಿಟ್ಟೆ ಎಂದು ಹೇಳದೆ ಇರುವ ಅಧಿಕಾರ ಯಾವ ಒಳ್ಳೆಯ ಕುರುಬನಿಗೂ ಬೇಕಾಗಬಾರದು.

ಜನ ಕೂತರೆ ಜಗಳವೇ ಆಗುತ್ತದೆ ಎನ್ನುವ ಗುರುಗಳಿದ್ದಾರೆ. ಅವರ ದಣಿವು ನಮಗೆ ಅರ್ಥವಾಗುತ್ತದೆ. ಕೆಲವೇ ವರ್ಷಕ್ಕೆ ವರ್ಗವಾಗಿ ಬರುವ ಗುರುವನ್ನು ನಾವು ಅಳೆಯುವುದು ಅವರು ಎಬ್ಬಿಸಿದ ಕಟ್ಟಡದಿಂದ. ಎಷ್ಟು ಮನೆ ಹೊಕ್ಕರು, ಯಾರ ಕಣ್ಣೀರು ಒರೆಸಿದರು ಎಂದು ಬೀಳ್ಕೊಡುಗೆಯ ಭಾಷಣದಲ್ಲಿ ನಾವೂ ಹೇಳುವುದಿಲ್ಲ. ಅವಸರಕ್ಕೆ ಜನರೂ ಕಾರಣ. ಸಭೆಯಲ್ಲಿ ಬಾಯಿ ಮುಚ್ಚಿ ಗೇಟಿನ ಬಳಿ ಬಾಯಿ ಬಿಡುವ ನಮ್ಮ ಚಾಳಿ ಗುರುವಿನ ಹಟದಷ್ಟೇ ಸಮುದಾಯವನ್ನು ಒಡೆಯುತ್ತದೆ. ಇದಕ್ಕಿಂತ ಅಪಾಯದ್ದು, ವಿವೇಚನೆಯ ಹೆಸರಿನಲ್ಲೇ ವಿವೇಚನೆಯನ್ನು ಮುಗಿಸುವುದು. "ಪವಿತ್ರಾತ್ಮರು ನನಗೆ ಪ್ರೇರಣೆ ಕೊಟ್ಟಿದ್ದಾರೆ" ಎಂದು ನಾಯಕ ಸಭೆಯ ಆರಂಭದಲ್ಲೇ ಹೇಳಿಬಿಟ್ಟರೆ ಮುಂದೆ ಮಾತಾಡುವವನು ದೇವರ ವಿರೋಧಿಯಾಗುತ್ತಾನೆ. ಪ್ರೇರಣೆ ನಿಜವಾದದ್ದಾದರೆ ಅದು ಪ್ರಶ್ನೆಗೆ ಹೆದರುವುದಿಲ್ಲ. ಶಾಂತಿ, ತಾಳ್ಮೆ, ಬಡವರ ಕಡೆಗೆ ಒಲವು ಅದರ ಗುರುತುಗಳು. ಭಯ, ಗುಟ್ಟು, ಅವಸರ ಕಂಡರೆ ಅಲ್ಲಿ ನಿಂತು ಯೋಚಿಸಬೇಕು.

ಈಗ ಆಗಬೇಕಾದ ಕೆಲಸ ದೊಡ್ಡದೇನಲ್ಲ, ಆದರೆ ಈಗಲೇ ಆಗಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಪ್ರಯೋಜನವಿಲ್ಲ. ಧರ್ಮಾಧ್ಯಕ್ಷರು 2027ರ ಸಭೆಗೆ ಮುನ್ನ ತಮ್ಮ ವ್ಯಾಪ್ತಿಯ ಪ್ರತಿ ಧರ್ಮಕೇಂದ್ರದಲ್ಲಿ ಪಾಲನಾ ಪರಿಷತ್ತು, ಹಣಕಾಸು ಸಮಿತಿಗಳು ನಿಜವಾಗಿ ಸೇರುತ್ತಿವೆಯೇ ಎಂದು ನಡಾವಳಿ ಪುಸ್ತಕ ತರಿಸಿ ನೋಡಲಿ. ತಮ್ಮ ಕಚೇರಿಯ ವಾರ್ಷಿಕ ಲೆಕ್ಕವನ್ನು ತಾವೇ ಮೊದಲು ಪ್ರಕಟಿಸಲಿ, ಧರ್ಮಕೇಂದ್ರಗಳು ತಾವಾಗಿ ಹಿಂಬಾಲಿಸುತ್ತವೆ. ಸೆಮಿನರಿಗಳಲ್ಲಿ ದೈವಶಾಸ್ತ್ರ ಕಲಿಯುವ ಸಹೋದರರು ಒಂದು ಸಭೆಯನ್ನು ಹೇಗೆ ನಡೆಸಬೇಕು, ಹೇಗೆ ಕೇಳಿಸಿಕೊಳ್ಳಬೇಕು ಎಂಬುದನ್ನೂ ಕಲಿಯಲಿ. ಗುರುಗಳು ಈ ವರ್ಷ ಒಂದೇ ಒಂದು ವಿಷಯವನ್ನು ಆರಿಸಿಕೊಂಡು, ನಕ್ಷೆ, ಮೊತ್ತ, ದಿನಾಂಕ ಯಾವುದನ್ನೂ ಮೊದಲೇ ಗೊತ್ತುಮಾಡದೆ ಜನರ ಮುಂದಿಡಲಿ. ವಾರ್ಡುಗಳ ಮುಖಂಡರಾದ ಗುರಿಕಾರರು ತಮ್ಮ ವಾಳೆಯಲ್ಲಿ ಚರ್ಚಿಗೆ ಬರುವುದನ್ನು ನಿಲ್ಲಿಸಿದ ಮನೆಗಳಿಗೆ ಹೋಗಿ, ಏಕೆ ಎಂದು ಕೇಳಿ, ಉತ್ತರವನ್ನು ಹಾಗೆಯೇ ಬರೆದುಕೊಂಡು ಬರಲಿ.

ಓದುಗರಲ್ಲಿ ನಮ್ಮ ಬಿನ್ನಹ ಇಷ್ಟೇ. ನಿಮ್ಮ ಧರ್ಮಕೇಂದ್ರದ ಮುಂದಿನ ಸಭೆಗೆ ಹೋಗಿ. ಮನಸ್ಸಿನಲ್ಲಿರುವ ಮಾತನ್ನು ಗೌರವದಿಂದ, ಎಲ್ಲರ ಎದುರು, ಸಭೆಯ ಒಳಗೇ ಹೇಳಿ. ನಿಮಗೆ ಒಪ್ಪಿಗೆಯಾಗದ ಮಾತನ್ನು ಪೂರ್ತಿ ಕೇಳಿ. ನಿರ್ಣಯ ಪುಸ್ತಕಕ್ಕೆ "ಸರ್ವಾನುಮತದಿಂದ" ಎಂದು ಬರೆಯುವ ಮುನ್ನ, ಅದು ನಿಜವೇ ಎಂದು ಕೇಳಿ.